‘ಉಪನ್ಯಾಸ’ ಅಂದರೆ ಭಾಷಣವೋ, ಕಾದಂಬರಿಯೋ?

ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದಂಗಡಿಯಲ್ಲಿ ಹಿಂದಿ ಕಾದಂಬರಿಯೊಂದನ್ನು ಕೈಗೆತ್ತಿಕೊಂಡರೆ ಮುಖಪುಟದಲ್ಲಿ ‘ಉಪನ್ಯಾಸ್’ ಎಂದಿರುತ್ತದೆ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಆಹ್ವಾನ ಪತ್ರಿಕೆ ನೋಡಿದರೆ ‘ದತ್ತಿ ಉಪನ್ಯಾಸ’. ಇದರಲ್ಲಿ ಯಾವುದು ಸರಿ ಎಂದು ತುಂಬಾ ಜನ ಕೇಳುತ್ತಾರೆ. ಎರಡೂ ಸರಿ.

ಪದ ಬಿಡಿಸಿದರೆ ಉಪ + ನಿ + ಆಸ. ಮೂಲ ಧಾತು ‘ಅಸ್’, ಅಂದರೆ ಎಸೆ, ಹಾಕು. ‘ನಿ’ ಸೇರಿದಾಗ ಕೆಳಗಿಡು ಎಂದಾಗುತ್ತದೆ. ನಿ + ಆಸ ಯಣ್ ಸಂಧಿಯಾಗಿ ‘ನ್ಯಾಸ’. ಪೂಜೆಗೆ ಕೂತವರು ಮಂತ್ರ ಹೇಳುತ್ತಾ ಎದೆ, ತಲೆ, ಶಿಖೆ ಮುಟ್ಟಿಕೊಳ್ಳುವ ಅಂಗನ್ಯಾಸದಲ್ಲಿರುವುದೂ ಇದೇ. ಮಂತ್ರವನ್ನು ಮೈಮೇಲೆ ಇಡುವ ಕ್ರಿಯೆ ಅದು. ಒಪ್ಪವಾಗಿ ಜೋಡಿಸಿಟ್ಟರೆ ವಿನ್ಯಾಸ, ಎಲ್ಲವನ್ನೂ ಕೆಳಗಿಟ್ಟುಬಿಟ್ಟರೆ ಸಂನ್ಯಾಸ. ‘ಉಪ’ ಎಂದರೆ ಹತ್ತಿರ. ಹಾಗಾಗಿ ಕೇಳುವವರ ಹತ್ತಿರ ವಿಷಯವೊಂದನ್ನು ತಂದಿಡುವುದೇ ಉಪನ್ಯಾಸ. ಎಷ್ಟು ಚೆಂದದ ಪದ!

ಹಳೆಯ ಸಂಸ್ಕೃತ ನಿಘಂಟು ಅಮರಕೋಶ ‘ಉಪನ್ಯಾಸಸ್ತು ವಾಙ್ಮುಖಮ್’ ಎನ್ನುತ್ತದೆ. ವಾಙ್ಮುಖವೆಂದರೆ ಮಾತಿನ ಆರಂಭ. ಕನ್ನಡ, ತೆಲುಗು ಈ ಮಾತಿನ ನಂಟನ್ನೇ ಉಳಿಸಿಕೊಂಡವು. ತಮಿಳಿನಲ್ಲಿ ಅದು ಹೆಚ್ಚಾಗಿ ಪುರಾಣ ಪ್ರವಚನ. 19ನೇ ಶತಮಾನದಲ್ಲಿ ನಾವೆಲ್ ಎಂಬ ಹೊಸ ಪ್ರಕಾರಕ್ಕೆ ಹೆಸರು ಬೇಕಾದಾಗ ಬಂಗಾಳಿಯವರು ‘ಉಪನ್ಯಾಸ’ವನ್ನು ಆರಿಸಿಕೊಂಡರು, ಹಿಂದಿಯೂ ಅದನ್ನೇ ಹಿಡಿಯಿತು. ನಾವು ಮರಾಠಿಯವರಂತೆ 7ನೇ ಶತಮಾನದ ಸಂಸ್ಕೃತ ಕವಿ ಬಾಣಭಟ್ಟನ ಕೃತಿಯ ನಾಯಕಿ ಕಾದಂಬರಿಯ ಹೆಸರನ್ನೇ ಇಟ್ಟೆವು.

ಬ್ಯಾನರುಗಳಲ್ಲಿ ‘ಉಪಾನ್ಯಾಸ’ ಎಂಬ ತಪ್ಪು ಆಗಾಗ ಕಾಣುತ್ತದೆ. ‘ಉಪಾಧ್ಯಾಯ’ ನಾಲಗೆಗೆ ರೂಢಿಯಾಗಿರುವುದೇ ಇದಕ್ಕೆ ಕಾರಣವಿರಬೇಕು. ಅಲ್ಲಿ ಉಪ + ಅಧ್ಯಾಯ, ಎರಡು ಅಕಾರ ಸೇರಿ ದೀರ್ಘ. ಇಲ್ಲಿ ‘ಉಪ’ದ ಮುಂದೆ ವ್ಯಂಜನವಿದೆ, ದೀರ್ಘಕ್ಕೆ ಜಾಗವೇ ಇಲ್ಲ.

ಭಾಷಣಕ್ಕೂ ಇದಕ್ಕೂ ಏನು ವ್ಯತ್ಯಾಸ? ‘ಭಾಷ್’ ಅಂದರೆ ಮಾತಾಡು. ಭಾಷಣಕ್ಕೆ ಮಾತಿದ್ದರೆ ಸಾಕು, ಉಪನ್ಯಾಸಕ್ಕೆ ವಿಷಯ ಬೇಕು. ಚುನಾವಣೆ ಬಂದರೆ ಭಾಷಣ ಬಿಗಿಯುತ್ತಾರೆ. ಉಪನ್ಯಾಸವನ್ನು ಯಾರೂ ಬಿಗಿಯುವುದಿಲ್ಲ, ನೀಡುತ್ತಾರೆ. ಆಹ್ವಾನ ಪತ್ರಿಕೆ ಅಚ್ಚಿಗೆ ಕೊಡುವಾಗ ಸ್ವಾಗತ, ಉದ್ಘಾಟನೆ, ಅಧ್ಯಕ್ಷತೆಯ ಮಾತುಗಳಿಗೆ ‘ಭಾಷಣ’ ಅಥವಾ ‘ನುಡಿ’ ಹಾಕಿ. ‘ಉಪನ್ಯಾಸ’ ಎಂದು ಹಾಕಿದರೆ ಕೆಳಗಿನ ಸಾಲಿನಲ್ಲಿ ‘ವಿಷಯ:’ ಎಂದು ಬರೆದು ಅದನ್ನು ತುಂಬಲೇಬೇಕು. ಆ ಸಾಲು ಖಾಲಿ ಉಳಿಯುವುದಾದರೆ ‘ಭಾಷಣ’ ಎಂದೇ ಅಚ್ಚು ಹಾಕಿಸಿ.