ಭೂತಾನದಲ್ಲೊಂದು ಹಾಜರಿ ಪುಸ್ತಕ

ಭೂತಾನಕ್ಕೆ ಪ್ರವಾಸ ಹೋಗುವ ಭಾರತೀಯರು ಅಲ್ಲಿ ತಂಗುವ ಪ್ರತಿ ರಾತ್ರಿಗೂ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕು. ದೂರದ ದೇಶಗಳಿಂದ ಬರುವವರಿಗೆ ಅದೇ ಶುಲ್ಕ 100 ಡಾಲರ್. ನಾನು ಗಣಿತದ ಮೇಷ್ಟ್ರಾಗಿ ಹೋದವನಾದ್ದರಿಂದ ಈ ಶುಲ್ಕದ ಗೊಡವೆ ಇರಲಿಲ್ಲ. ಮೇಲಾಗಿ ತಿಂಗಳಿಗೊಮ್ಮೆ ಅವರೇ ಸಂಬಳ ಕೊಡುತ್ತಿದ್ದರು. ಆದರೆ ಪ್ರವಾಸಿಗೆ ಕಾಣುವ ಭೂತಾನ ನನ್ನ ಪಾಲಿಗೆ ಬರಲಿಲ್ಲ. ಪ್ರವಾಸಿಗೆ ಹಬ್ಬವೆಂದರೆ ಮುಖವಾಡ, ರೇಷ್ಮೆ, ಕ್ಯಾಮೆರಾ. ನನಗೆ ಮೊದಲು ಖಾಲಿ ಬೆಂಚು, ಆಮೇಲೆ ರಜಾ ಚೀಟಿ, ಕೊನೆಗೆ ಬಾಕಿ ಉಳಿದ ಪಾಠ. ಹಬ್ಬ ಹತ್ತಿರ ಬಂತೆಂಬುದನ್ನು ನಾನು ತಿಳಿಯುತ್ತಿದ್ದುದು ಹಾಜರಿ ಪುಸ್ತಕದಿಂದ.

ನಮ್ಮ ಶಾಲೆ ಇದ್ದದ್ದು ಪುನಾಖಾ ಕಣಿವೆಯಲ್ಲಿ. ಹಿಮಾಲಯವೆಂದು ಊರಿನಲ್ಲಿ ಎಲ್ಲರೂ ಸೇರಿ ಕಟ್ಟಿಕೊಟ್ಟ ಉಣ್ಣೆಯ ಗಂಟು ಅಲ್ಲಿ ಅಷ್ಟಾಗಿ ಕೆಲಸಕ್ಕೆ ಬರಲಿಲ್ಲ. ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರ ಅಷ್ಟೆ, ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆ, ಬೇಸಿಗೆಯಲ್ಲಿ ಒಳ್ಳೆಯ ಸೆಕೆ. ಫೋ ಛೂ ಮತ್ತು ಮೋ ಛೂ ನದಿಗಳು ಕೂಡುವಲ್ಲಿ 17ನೆಯ ಶತಮಾನದ ಜೋಂಗ್ ನಿಂತಿದೆ. ಅರ್ಧ ಕೋಟೆ, ಅರ್ಧ ಮಠ, ಜೊತೆಗೆ ಜಿಲ್ಲಾ ಕಚೇರಿ.

ಬೆಳಗಿನ ಪ್ರಾರ್ಥನೆಗೆ ಹುಡುಗರು ಘೋ ತೊಟ್ಟು, ಹುಡುಗಿಯರು ಕಿರಾ ಉಟ್ಟು ಸಾಲಾಗಿ ನಿಲ್ಲುತ್ತಾರೆ. ಪ್ರಾರ್ಥನೆ ವಿದ್ಯೆಯ ದೇವತೆ ಮಂಜುಶ್ರೀಗೆ. ಪಾಠ ಮಾತ್ರ ಇಂಗ್ಲಿಷಿನಲ್ಲಿ. ಏನು ಹೇಳಿದರೂ ಕೊನೆಗೆ ಗೌರವದ ಒಂದು ‘ಲಾ’ ಸೇರಿಸುವುದು ಅವರ ರೂಢಿ. ‘ಸರ್ ಲಾ, ಹೋಮ್‌ವರ್ಕ್ ಮಾಡಿಲ್ಲ ಲಾ’ ಎಂದು ತಲೆಬಾಗಿ ನಿಂತ ಹುಡುಗನನ್ನು ಗದರಿಸಿ ನೋಡಿ, ಎಷ್ಟು ಕಷ್ಟವೆಂದು ಗೊತ್ತಾಗುತ್ತದೆ.

ಊಟದ ಮಾತು ಬೇರೆ. ನಾನು ಬ್ಯಾಡಗಿ ಮಾರುಕಟ್ಟೆಯ ಘಾಟಿನಲ್ಲಿ ಬೆಳೆದವನು. ನಮ್ಮಲ್ಲಿ ಮೆಣಸಿನಕಾಯಿ ಒಗ್ಗರಣೆಗೆ, ಚಟ್ನಿಗೆ, ಬಣ್ಣಕ್ಕೆ. ಅಲ್ಲಿ ಮೆಣಸಿನಕಾಯಿಯೇ ತರಕಾರಿ. ಹಸಿಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿ, ಗಿಣ್ಣಿನಂಥ ಚೀಸ್ ಹಾಕಿ ಬೇಯಿಸಿದರೆ ಎಮಾ ದತ್ಶಿ. ಅದನ್ನು ಕೆಂಪಕ್ಕಿ ಅನ್ನಕ್ಕೆ ಕಲಸಿಕೊಂಡು ಆರು ವರ್ಷದ ಮಕ್ಕಳು ಕಣ್ಣಲ್ಲಿ ಹನಿ ನೀರಿಲ್ಲದೆ ಉಣ್ಣುತ್ತವೆ. ಆಲೂಗಡ್ಡೆ ಹಾಕಿದ ಕೇವಾ ದತ್ಶಿಯ ಮೇಲೆ ನಾನು ದಿನ ತಳ್ಳಿದೆ. ಸಸ್ಯಾಹಾರಿಯ ಪಾಡು ಹೇಗೋ ಎಂದು ಊರಿನಲ್ಲಿ ಎಲ್ಲರಿಗೂ ಚಿಂತೆ. ಆದರೆ ಭೂತಾನದ ಪಂಚಾಂಗದ ಮೊದಲನೆಯ ಮತ್ತು ನಾಲ್ಕನೆಯ ತಿಂಗಳಲ್ಲಿ ದೇಶದಲ್ಲೆಲ್ಲ ಮಾಂಸ ಮಾರಾಟವೇ ನಿಷಿದ್ಧ. ಆ ದಿನಗಳಲ್ಲಿ ನನ್ನನ್ನು ಊಟಕ್ಕೆ ಕರೆಯುವವರಿಗೂ ನೆಮ್ಮದಿ, ನನಗೂ ನೆಮ್ಮದಿ.

ಶಾಲೆಯ ವರ್ಷ ಚಳಿಗಾಲ ಕಳೆಯುತ್ತಲೇ ಆರಂಭವಾಗಿ ಡಿಸೆಂಬರಿನಲ್ಲಿ ಮುಗಿಯುತ್ತದೆ. ಮೇ 2 ಶಿಕ್ಷಕರ ದಿನ. ಮೂರನೆಯ ರಾಜ ಜಿಗ್ಮೆ ದೋರ್ಜಿ ವಾಂಗ್‌ಚುಕ್ ಹುಟ್ಟಿದ ದಿನವದು. ಆಧುನಿಕ ಶಾಲೆಗಳು ಹರಡಿದ್ದು ಅವರ ಕಾಲದಲ್ಲಿ. ಮಕ್ಕಳು ಹಾಡಿ, ಕುಣಿದು, ಉಣಬಡಿಸಿ, ಮೇಷ್ಟ್ರುಗಳನ್ನು ಅನುಕರಿಸಿ ನಗಿಸುತ್ತಾರೆ. ನನ್ನನ್ನು ಅನುಕರಿಸಿದ ಹುಡುಗ ಡಸ್ಟರಿನಿಂದ ಮೇಜು ಕುಟ್ಟುವುದನ್ನು ಎಷ್ಟು ಚೆನ್ನಾಗಿ ಮಾಡಿದನೆಂದರೆ, ಪ್ರಾಂಶುಪಾಲರು ಇನ್ನೊಮ್ಮೆ ಮಾಡಿಸಿದರು.

ಶರತ್ಕಾಲ ಬಂದರೆ ಒಂದರ ಮೇಲೊಂದು ಹಬ್ಬ. ಭೂತಾನದ ಎಂಟನೆಯ ತಿಂಗಳ ದಶಮಿಯಿಂದ ರಾಜಧಾನಿ ತಿಂಪುವಿನ ತ್ಸೆಚು, ಅಂದರೆ ಮುಖವಾಡ ಕುಣಿತದ ಹಬ್ಬ. ಅದರ ಆಸುಪಾಸಿನಲ್ಲೇ ದಕ್ಷಿಣದ ನೇಪಾಳಿ ಭಾಷಿಕರ ದಶೈಂ, ಅಂದರೆ ನಮ್ಮ ದಸರೆ. ಎರಡಕ್ಕೂ ಸರ್ಕಾರಿ ರಜೆ ಉಂಟು. ನಾನು ಎರಡಕ್ಕೂ ಹೊರಟೆ.

ಪುನಾಖಾದಿಂದ ತಿಂಪುವಿಗೆ ಹೋಗಲು 3,100 ಮೀಟರ್ ಎತ್ತರದ ದೋಚುಲಾ ಕಣಿವೆಮಾರ್ಗ ಹತ್ತಿ ಇಳಿಯಬೇಕು. ತುದಿಯಲ್ಲಿ 108 ಸ್ತೂಪಗಳಿವೆ. 2003ರಲ್ಲಿ ಭೂತಾನದ ಕಾಡಿನೊಳಗೆ ನೆಲೆಯೂರಿದ್ದ ಅಸ್ಸಾಮಿನ ಉಗ್ರರನ್ನು ಹೊರಹಾಕುವ ಕಾರ್ಯಾಚರಣೆಯ ನೆನಪಿಗೆ ಕಟ್ಟಿಸಿದವು. ಬಸ್ಸು ಚಹಾಕ್ಕೆ ನಿಂತಿತು. ಮೋಡ ಕವಿದು ಹಿಮಶಿಖರ ಒಂದೂ ಕಾಣಲಿಲ್ಲ. ಪಕ್ಕದಲ್ಲಿದ್ದ ಪ್ರವಾಸಿಗರು ತಮ್ಮ ಡಾಲರಿನ ಲೆಕ್ಕ ಹಾಕಿದಂತೆ ಮುಖ ಮಾಡಿಕೊಂಡರು.

ತಿಂಪುವಿನ ತಾಶಿಛೋ ಜೋಂಗ್‌ನ ಅಂಗಳದಲ್ಲಿ ಜನವೋ ಜನ. ಬಿದಿರ ಬುಟ್ಟಿಯಲ್ಲಿ ಬುತ್ತಿ, ಥರ್ಮಾಸಿನಲ್ಲಿ ಚಹಾ, ಬಾಯಲ್ಲಿ ದೋಮಾ, ಅಂದರೆ ಎಲೆ, ಸುಣ್ಣ, ಹಸಿ ಅಡಿಕೆ. ಆ ಅಡಿಕೆಯ ವಾಸನೆ ತಡೆದುಕೊಳ್ಳಲು ಗುಂಡಿಗೆ ಬೇಕು. ನನ್ನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಗುಂಪಿನಿಂದ ಕೈಬೀಸಿ ಕರೆದು, ತನ್ನ ಅಜ್ಜಿಯ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಹಿಂದಿನ ದಿನ ‘ಹೊಟ್ಟೆನೋವು’ ಎಂದು ಚೀಟಿ ಕಳಿಸಿದ್ದವಳು ಇವಳೇ. ನಾನು ಆ ಮಾತೆತ್ತಲಿಲ್ಲ.

ಅಂದು ರಕ್ಷಾ ಮಂಗ್‌ಚಾಮ್, ಸತ್ತವರ ವಿಚಾರಣೆಯ ನೃತ್ಯ. ಪ್ರಾಣಿಗಳ ಮುಖವಾಡ ತೊಟ್ಟ ಯಮದೂತರು ತಾಸುಗಟ್ಟಲೆ ಕುಣಿದ ಮೇಲೆ ಆಳೆತ್ತರವನ್ನೂ ಮೀರಿದ ಯಮ, ಅವರ ಶಿಂಜೆ, ಬಂದು ಕೂರುತ್ತಾನೆ. ಕಪ್ಪು ಬಟ್ಟೆಯ ಪಾಪಿ ನಡುಗುತ್ತ ಬರುತ್ತಾನೆ. ಬಿಳಿಯ ದೇವತೆ ಅವನ ಪರ ವಕೀಲ, ಕರಿಯ ದೆವ್ವ ವಿರುದ್ಧ. ತಕ್ಕಡಿಯ ಒಂದು ತಟ್ಟೆಗೆ ಬಿಳಿ ಕಲ್ಲು, ಇನ್ನೊಂದಕ್ಕೆ ಕರಿ ಕಲ್ಲು. ಅಜ್ಜಿ ಜಪಮಣಿ ಎಣಿಸುವುದನ್ನು ನಿಲ್ಲಿಸಿದರು. ತಕ್ಕಡಿ ವಾಲುತ್ತಿದ್ದಂತೆ ಅವರ ಕುತ್ತಿಗೆಯೂ ಆ ಕಡೆಗೇ ವಾಲಿತು. ಪಾಪಿಯನ್ನು ಎಳೆದುಕೊಂಡು ಹೋದರು.

‘ಪ್ರತಿ ವರ್ಷ ಅವನು ಸೋಲುವುದು ಅಜ್ಜಿಗೆ ಗೊತ್ತು ಸರ್’ ಎಂದಳು ಹುಡುಗಿ. ‘ಆದರೂ ಈ ಸಲ ತೂಕ ಸರಿಯಾಗಿ ಮಾಡಲಿಲ್ಲ ಎಂದು ಮನೆಗೆ ಹೋಗಿ ಜಗಳ ಆಡುತ್ತಾರೆ.’

ನಡುನಡುವೆ ಕೆಂಪು ಮುಖವಾಡದ ವಿದೂಷಕರು, ಅತ್ಸರರು, ಮರದ ಲಿಂಗ ಹಿಡಿದು ಜನರ ನಡುವೆ ನುಗ್ಗಿ ಛೇಡಿಸುತ್ತಾರೆ. ಪುನಾಖಾದ ಕಡೆಯಿಂದ ಹೋದವನಿಗೆ ಇದೇನೂ ಹೊಸದಲ್ಲ. ಹುಚ್ಚುಸಂತ ದ್ರುಕ್ಪಾ ಕುನ್ಲೆಯ ಚಿಮಿ ಲಾಖಾಂಗ್ ದೇವಾಲಯ ನಮ್ಮ ಕಡೆಯೇ ಇರುವುದರಿಂದ ಅಲ್ಲಿಯ ಮನೆಗೋಡೆಗಳ ಮೇಲೆಲ್ಲ ಅದೇ ಚಿತ್ರ. ಹೊಸದರಲ್ಲಿ ಪಾಲಕರ ಮನೆಗೆ ಹೋದಾಗ ಎಲ್ಲಿ ನೋಡಬೇಕೆಂದು ತಿಳಿಯದೆ ನಾನು ಮಾಡಿನ ತೊಲೆ ಎಣಿಸುತ್ತಿದ್ದೆ. ನಮ್ಮ ಬಯಲಾಟದ ಸಾರಥಿಯನ್ನು ಕಂಡು ಬೆಳೆದವರು ಅತ್ಸರರನ್ನು ಕೂಡಲೇ ಒಪ್ಪುತ್ತಾರೆ. ಕ್ಯಾಮೆರಾ ಹಿಡಿದವರು ನಗುವುದೋ ಬಿಡುವುದೋ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ದಶೈಂಗೆ ಚಿರಾಂಗಿನಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರ ಮನೆ. ವಾಂಗ್ಡುವಿನಿಂದ ದಕ್ಷಿಣಕ್ಕೆ ನದಿಯ ಗುಂಟ ಇಳಿಯುವ ದಾರಿ. ಹೋದಂತೆ ಕಿತ್ತಳೆ ತೋಟ, ಏಲಕ್ಕಿ. ಮನೆಯ ಚಿಕ್ಕವರೆಲ್ಲ ನನ್ನನ್ನು ‘ದಾಜು’ ಎಂದರು, ಅಂದರೆ ಅಣ್ಣ. ದೇವರ ಕೋಣೆಯ ಕತ್ತಲಲ್ಲಿ ಬೆಳೆಸಿದ ಹಳದಿ ಜಮರಾ ಸಸಿ ನೋಡಿ ನಾನು ನಿಂತೇ ಬಿಟ್ಟೆ. ನಮ್ಮ ಕಡೆ ನವರಾತ್ರಿಯಲ್ಲಿ ಘಟ ಹಾಕಿ ಬೆಳೆಸುವ ಸಸಿಯೇ ಅದು. ವಿಜಯದಶಮಿಯಂದು ಮೇಷ್ಟ್ರ ತಾಯಿ, ಎಲ್ಲರ ‘ಆಮಾ’, ಮೊಸರಿನಲ್ಲಿ ಕಲಸಿದ ಕೆಂಪಕ್ಷತೆಯನ್ನು ಹಣೆಗೆ ಮೆತ್ತಿ, ಸಸಿಯನ್ನು ಕಿವಿಗೆ ಸಿಕ್ಕಿಸಿ, ಕೈಗೊಂದು ನೋಟು ಇಟ್ಟರು. ಅಕ್ಷತೆ ಒಣಗಿ ಬಿಗಿದು ಹುಬ್ಬು ಎತ್ತಲು ಬಾರದಂತಾಯಿತು. ಪಕ್ಕದ ಮನೆಯ ಬೌದ್ಧ ದಂಪತಿ ಕೂಡ ಟೀಕಾ ಹಚ್ಚಿಸಿಕೊಂಡು ಹೋದರು. ಹಿತ್ತಲಲ್ಲಿ ಕುರಿಯ ಕೆಲಸ ನಡೆಯುತ್ತಿತ್ತು. ಆಮಾ ಕಂಚಿನ ತಟ್ಟೆಯಲ್ಲಿ ಬಿಸಿ ಸೆಲ್ ರೋಟಿ, ಆಲೂಗಡ್ಡೆ ಪಲ್ಯ ತಂದು ನನ್ನನ್ನು ಮುಂಬಾಗಿಲ ಕಡೆಗೆ ಮುಖಮಾಡಿ ಕೂರಿಸಿದರು. ಇಂಥ ಉಪಚಾರವನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಾರರು.

ನವೆಂಬರ್ 11ಕ್ಕೆ ಫೋಬ್ಜಿಖಾ. ಟಿಬೆಟ್ಟಿನಿಂದ ಕಪ್ಪುಕತ್ತಿನ ಕೊಕ್ಕರೆಗಳು ಚಳಿಗಾಲ ಕಳೆಯಲು ಈ ಕಣಿವೆಗೆ ಬರುತ್ತವೆ. ಅವುಗಳಿಗೆ ತೊಂದರೆಯಾಗದಿರಲೆಂದು ಇಲ್ಲಿಯ ವಿದ್ಯುತ್ ತಂತಿಗಳನ್ನು ನೆಲದಡಿಯಲ್ಲಿ ಎಳೆದಿದ್ದಾರೆ. 1998ರಿಂದ ಗಾಂಗ್ಟೆ ಮಠದ ಅಂಗಳದಲ್ಲಿ ಕೊಕ್ಕರೆ ಹಬ್ಬ ನಡೆಯುತ್ತಿದೆ. ಮುಖ್ಯ ನರ್ತಕರು ಶಾಲಾ ಮಕ್ಕಳು. ಮೈಗೆ ಬಿಳಿ ಬಟ್ಟೆಯ ರೆಕ್ಕೆ, ತಲೆಯ ಮೇಲೆ ಉದ್ದ ಕೊಕ್ಕು. ಚಳಿಗೆ ಮೂಗು ಸೋರುತ್ತಿದ್ದ ಪುಟ್ಟ ಕೊಕ್ಕರೆಯೊಂದು ರೆಕ್ಕೆಯಿಂದಲೇ ಒರೆಸಿಕೊಂಡಿತು. ಅಂಗಳದ ಆಚೆ ಬದಿಯಲ್ಲಿ ಅವರ ಶಿಕ್ಷಕಿ ಕೈಯಾಡಿಸಿ ಬೈಯುತ್ತಿದ್ದರು. ಜನರೆಲ್ಲ ಕೊಕ್ಕರೆಗಳನ್ನು ನೋಡುತ್ತಿದ್ದರೆ ನಾನು ಆಕೆಯನ್ನೇ ನೋಡಿದೆ. ಎಷ್ಟು ವಾರಗಳ ಅಭ್ಯಾಸ, ಎಷ್ಟು ಪಾಠ ಬಾಕಿ ಎಂದು ಕೇಳುವ ಮನಸ್ಸಾಗಿತ್ತು. ಕಾರ್ಯಕ್ರಮ ಮುಗಿದ ಮೇಲೆ ಕೇಳಿಯೂ ಬಿಟ್ಟೆ. ‘ಭಿನ್ನರಾಶಿ ಇನ್ನೂ ಶುರುವೇ ಆಗಿಲ್ಲ ಲಾ’ ಎಂದರು.

ಶಾಲೆಗೆ ಮರಳಿದರೆ ಡಿಸೆಂಬರ್ 17ರ ರಾಷ್ಟ್ರೀಯ ದಿನದ ತಯಾರಿ. 1907ರಲ್ಲಿ ಮೊದಲ ರಾಜನ ಪಟ್ಟಾಭಿಷೇಕವಾದ ದಿನ. ವಿದ್ಯಾರ್ಥಿಗಳ ಜೊತೆ ಶಿಕ್ಷಕರೂ ಕುಣಿಯಲೇಬೇಕು. ಅಲ್ಲಿಯ ರಾಷ್ಟ್ರಭಾಷೆ ಜೋಂಖಾದ ಲೋಪೆನ್, ಅಂದರೆ ಮೇಷ್ಟ್ರು, ನನ್ನ ಹೆಗಲಿನಿಂದ ಮೊಣಕಾಲಿನವರೆಗೆ ಗೇಣು ಹಾಕಿ ಘೋ ಬಟ್ಟೆಯ ಲೆಕ್ಕ ಹೇಳಿದರು. ಹಿಂದಿನ ಸಾಲಿನಲ್ಲಿ ನಿಲ್ಲಿಸಬೇಕೆಂದು ನಾನು ಬೇಡಿಕೊಂಡೆ. ಎತ್ತರದವರು ನಡುವೆ ನಿಲ್ಲಬೇಕು ಎಂದು ಅವರು ಪಟ್ಟಿಯಲ್ಲಿ ಬರೆದುಕೊಂಡರು.