ಭಾಗವತರ ಕಂಪ್ಯೂಟರು, ಆಟಿಯ ತೇವ

2024 ಜುಲೈ 21, ಭಾನುವಾರ
ನೀರ್ಚಾಲು, ಕಾಸರಗೋಡು ಜಿಲ್ಲೆ, ಕೇರಳ

ಬೆಳಿಗ್ಗೆ ಏಳೂವರೆಗೆ ಯಕ್ಷಗಾನದ ಭಾಗವತರ ಫೋನು. ಮಳೆಯ ಸದ್ದಿಗೆ ಅರ್ಧ ಮಾತು ಕೇಳಿಸಲೇ ಇಲ್ಲ.

"ಮಾಷ್ಟ್ರೇ, ಪೇಪರಲ್ಲಿ ಬಂದದ್ದು ನಮ್ಮಲ್ಲಿಗೂ ಬಂತು ಕಾಣ್ತದೆ. ಸ್ಕ್ರೀನು ಪೂರಾ ಕಪ್ಪು. ಕಾಸರಗೋಡಿಗೆ ಕೊಂಡುಹೋಗುವುದಾ ಅಂತ."

ಪೇಪರಲ್ಲಿ ಬಂದದ್ದು ಮೊನ್ನೆ ಶುಕ್ರವಾರದ ಸುದ್ದಿ. ಕಂಪ್ಯೂಟರ್ ಸುರಕ್ಷೆಯ ಕ್ರೌಡ್‌ಸ್ಟ್ರೈಕ್ ಕಂಪನಿ ಕಳಿಸಿದ ಒಂದು ತಪ್ಪು ಅಪ್‌ಡೇಟ್‌ನಿಂದ ಲೋಕದ ಎಷ್ಟೋ ಕಡೆ ಕಂಪ್ಯೂಟರುಗಳು ನೀಲಿ ಸ್ಕ್ರೀನು ತೋರಿಸಿ ನಿಂತುಬಿಟ್ಟಿದ್ದವು. ವಿಮಾನಗಳೂ ನಿಂತವು. ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳಿಗೆ ತೊಂದರೆ ಆಗಿದೆ ಎಂದು ಮೈಕ್ರೋಸಾಫ್ಟ್ ನಿನ್ನೆ ಹೇಳಿದೆ. ಅಷ್ಟು ದೊಡ್ಡ ಸುದ್ದಿ ಓದಿದ ಮೇಲೆ ಯಾರಿಗಾದರೂ ಹೆದರಿಕೆ ಆಗುತ್ತದೆ, ಅಲ್ವಾ? ಆದರೆ ಆ ಸಾಫ್ಟ್‌ವೇರು ದೊಡ್ಡ ದೊಡ್ಡ ಕಂಪನಿಗಳು ಹಾಕಿಕೊಳ್ಳುವಂಥದ್ದು. ಭಾಗವತರ ಮನೆಯ ಕಂಪ್ಯೂಟರಿನಲ್ಲಿ ಅದು ಇರುವುದಿಲ್ಲ.

"ಭಾಗವತರೇ, ಎಲ್ಲಿಗೂ ಕೊಂಡುಹೋಗಬೇಡಿ. ಸ್ವಿಚ್ಚು ಹಾಕಿದಾಗ ಎಂತ ಕಾಣ್ತದೆ, ಎಂತ ಕೇಳ್ತದೆ, ಅಷ್ಟು ಮಾತ್ರ ಹೇಳಿ."

"ಫ್ಯಾನು ತಿರುಗ್ತದೆ. ಲೈಟು ಉರೀತದೆ. ಒಳಗಿಂದ ಬೀಪ್ ಬೀಪ್ ಅಂತ ಕೂಗ್ತಾ ಇದೆ. ಸ್ಕ್ರೀನಲ್ಲಿ ಎಂತದೂ ಇಲ್ಲ."

ನನಗೆ ಬೇಕಾದದ್ದು ಇಷ್ಟೇ. ನೀಲಿ ಸ್ಕ್ರೀನು ಬರಬೇಕಾದರೂ ವಿಂಡೋಸ್ ಸ್ವಲ್ಪವಾದರೂ ಎದ್ದಿರಬೇಕು. ಇಲ್ಲಿ ಅದಕ್ಕಿಂತ ಮೊದಲೇ ಯಂತ್ರ ತನ್ನೊಳಗೆ ಏನೋ ಸರಿಯಿಲ್ಲ ಎಂದು ಕೂಗುತ್ತಿದೆ. ಎಷ್ಟು ಬೀಪಿಗೆ ಏನು ಅರ್ಥ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಆದರೂ ಬಿಡದೆ ಕೂಗುತ್ತಾ ಸ್ಕ್ರೀನು ಕಪ್ಪಾಗಿದ್ದರೆ ನಾನು ಮೊದಲು ನೋಡುವುದು ಯಂತ್ರ ಕೆಲಸ ಮಾಡುವಾಗ ಬಳಸುವ ನೆನಪಿನ ಪಟ್ಟಿ, ಅಂದರೆ ರ‍್ಯಾಮ್. ಅದರಲ್ಲೂ ಇದು ಜೋರು ಮಳೆಯ ಆಟಿ ತಿಂಗಳು. ಪುಸ್ತಕ, ಚಪ್ಪಲಿ, ಬೆಲ್ಟು ಎಲ್ಲಕ್ಕೂ ಬೂಷ್ಟು ಹಿಡಿಯುವ ಹೊತ್ತು.

ಕೊಡೆ ಹಿಡಿದು ಹೊರಟೆ. ಕಿಸೆಯಲ್ಲಿ ಸ್ಕ್ರೂ ಡ್ರೈವರು, ಮಗಳ ಕಂಪಾಸು ಬಾಕ್ಸಿನ ರಬ್ಬರು.

ಭಾಗವತರು ಸಿಪಿಯುವನ್ನು ಆಗಲೇ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜಗಲಿಯಲ್ಲಿ ಇಟ್ಟಿದ್ದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಬರುವ ಶನಿವಾರ ತಾಳಮದ್ದಳೆ ಇದೆ, ಪದ್ಯಗಳ ಪ್ರಿಂಟು ಬೇಕು. ಹತ್ತು ಹನ್ನೆರಡು ವರ್ಷ ಕೂತು ಟೈಪು ಮಾಡಿದ ಪ್ರಸಂಗಗಳು ಅದರೊಳಗಿವೆ. ಕೆಲವು ಅವರ ತಂದೆಯವರ ಹಸ್ತಪ್ರತಿಯಿಂದ ಇಳಿಸಿದ್ದು, ಆ ಕಾಗದಗಳನ್ನು ಗೆದ್ದಲು ತಿಂದಿದೆ. ಪ್ರಸಂಗಗಳ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಯಕ್ಷಗಾನದ ಪದ್ಯ ಕಳೆದುಹೋಗುವುದೆಂದರೆ ನನಗೂ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಮೊದಲು ಪ್ಲಗ್ಗು ಕಿತ್ತು, ಪವರ್ ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದೆ. ಒಳಗೆ ಉಳಿದ ವಿದ್ಯುತ್ತು ಇಳಿಯಲಿ ಎಂದು. ಮುಚ್ಚಳ ತೆಗೆದು, ಪೆಟ್ಟಿಗೆಯ ತಗಡು ಮುಟ್ಟಿದೆ. ನಮ್ಮ ಮೈಯಲ್ಲಿರುವ ಸ್ಥಿರ ವಿದ್ಯುತ್ತು ಅಲ್ಲಿಗೇ ಹೋಗಬೇಕು, ಚಿಪ್ಪಿಗೆ ಅಲ್ಲ. ಎರಡು ತುದಿಯ ಕ್ಲಿಪ್ಪು ಬಿಡಿಸಿ ರ‍್ಯಾಮ್ ಎತ್ತಿದೆ. ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳು ಮಂಕಾಗಿದ್ದವು. ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ, ಎರಡೂ ಕಡೆ ಟಿಕ್ ಎನ್ನುವವರೆಗೆ ಒತ್ತಿ ಕೂರಿಸಿದೆ.

ಸ್ವಿಚ್ಚು ಹಾಕಿದೆ. ಒಂದೇ ಬೀಪ್. ಸ್ಕ್ರೀನು ಬಂತು. ಭಾಗವತರು ಒಳಗೆ ಕೇಳುವ ಹಾಗೆ "ಚಾ ಇಡು" ಎಂದರು.

ಆದರೆ ತಾರೀಕು 2012 ಜನವರಿ 1 ಎಂದು ತೋರಿಸುತ್ತಿತ್ತು. ಬ್ರೌಸರು ಯಾವ ಪುಟ ತೆರೆದರೂ ಸುರಕ್ಷಿತವಲ್ಲ ಎಂದಿತು. ಇದನ್ನು ಕಂಡು ವೈರಸ್ಸು ಎಂದು ಹೆದರುವವರು ತುಂಬ ಜನ. ವೆಬ್‌ಸೈಟುಗಳ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಲೆಕ್ಕ ಇದೆ. ನಿಮ್ಮ ಯಂತ್ರ ಇನ್ನೂ 2012ರಲ್ಲಿದ್ದರೆ, ಈ ವರ್ಷ ಕೊಟ್ಟ ಪತ್ರವನ್ನು ಅದು ಒಪ್ಪುವುದಿಲ್ಲ. ಮದರ್‌ಬೋರ್ಡಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ, ಅಷ್ಟೇ. ಸಿಆರ್ 2032, ಮೂರು ವೋಲ್ಟಿನದು, ವಾಚಿನ ಅಂಗಡಿಯಲ್ಲಿ ಸಿಗುತ್ತದೆ. ಸದ್ಯಕ್ಕೆ ಕೈಯಿಂದಲೇ ತಾರೀಕು ಸರಿಮಾಡಿದೆ, ಪುಟಗಳು ತೆರೆದವು.

ಚಾ ಕುಡಿಯುವಾಗ ಭಾಗವತರು ಎರಡು ವರ್ಷದ ಹಿಂದಿನ ಮಾತು ತೆಗೆದರು. ಆಗ ಯಂತ್ರ ತುಂಬ ನಿಧಾನವಾಯಿತೆಂದು ಪೇಟೆಯ ಒಂದು ಅಂಗಡಿಗೆ ಕೊಟ್ಟಿದ್ದರು. ಅಲ್ಲಿನ ಹುಡುಗ ಒಳ್ಳೆಯವನೇ. ವಿಂಡೋಸ್ ಹೊಸದಾಗಿ ಹಾಕಿ ಕೊಟ್ಟ. ಮನೆಗೆ ತಂದು ತೆರೆದರೆ ಪದ್ಯಗಳೆಲ್ಲ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿಗಳ ರಾಶಿ. ಅಂಗಡಿಗೆ ಫೋನು ಮಾಡಿದರೆ "ಫೈಲ್ ಕರಪ್ಟ್ ಆಯಿ, ಡಿಲೀಟ್ ಚೆಯ್ದೋಳು" ಎಂದನಂತೆ, ಅಂದರೆ ಫೈಲು ಹಾಳಾಗಿದೆ, ಅಳಿಸಿಬಿಡಿ ಎಂದು. ಡಿಲೀಟ್ ಮಾಡುವ ಮೊದಲು ನನಗೆ ತೋರಿಸಿದ್ದು ದೊಡ್ಡ ಪುಣ್ಯ.

ಒಂದು ಪದ್ಯವೂ ಹಾಳಾಗಿರಲಿಲ್ಲ. ಕನ್ನಡ ಟೈಪು ಮಾಡುವ ನುಡಿ ಎಂಬ ಸಾಫ್ಟ್‌ವೇರಿನ ಹಳೆಯ ಫಾಂಟುಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಕಸದ ಹಾಗೆ ಕಾಣುತ್ತದೆ. ವಿಂಡೋಸ್ ಹೊಸದಾಗಿ ಹಾಕಿದಾಗ ನುಡಿ ಹೋಗಿತ್ತು. ಮತ್ತೆ ಹಾಕಿದ ಕೂಡಲೇ ಎಲ್ಲ ಬಂತು. ಮಲಯಾಳ ಬಲ್ಲ ಆ ಹುಡುಗನಿಗೆ ಇದು ಗೊತ್ತಿರಬೇಕು ಎಂದು ನಾನು ಹೇಳುವುದಿಲ್ಲ. ಬೆಂಗಳೂರಿನಲ್ಲಾದರೆ ಅಂಗಡಿಯವನಿಗೆ ನುಡಿ ಅಂದರೆ ಸಾಕು. ಇಲ್ಲಿ ನಮ್ಮ ಕನ್ನಡದ ತೊಂದರೆಯನ್ನು ನಾವೇ ಅರ್ಥಮಾಡಿಕೊಳ್ಳದಿದ್ದರೆ, ಸರಿಯಿದ್ದದ್ದನ್ನೂ ಹಾಳಾಗಿದೆ ಎಂದು ನಂಬಿಬಿಡುತ್ತೇವೆ. ನನಗೆ ಈ ವಿಷಯದಲ್ಲಿ ಇಷ್ಟು ಹಟ ಇರುವುದು ಅದಕ್ಕೇ.

ಶಾಲೆಯಲ್ಲೂ ಹಾಗೆ. ನಮ್ಮಲ್ಲಿ ಇರುವುದು ವಿಂಡೋಸ್ ಅಲ್ಲ, ಕೇರಳದ ಶಾಲೆಗಳ ಕಂಪ್ಯೂಟರು ನೋಡಿಕೊಳ್ಳುವ ಸರಕಾರಿ ಸಂಸ್ಥೆ ಕೈಟ್‌ನ ಉಬುಂಟು. ಒಂಬತ್ತನೆಯ ತರಗತಿಯ ಒಬ್ಬಳು ಹೋದ ತಿಂಗಳು ಓಡಿ ಬಂದಳು. "ಮಾಷ್ಟ್ರೇ, ಕೀಬೋರ್ಡು ಹಾಳಾಗಿದೆ. ಕನ್ನಡ ಹೊಡೆದರೆ ಮಲಯಾಳ ಬರ್ತದೆ." ಎದ್ದು ಹೋಗಲಿಲ್ಲ. ಯಾವ ಕೀಲಿಗೆ ಯಾವ ಅಕ್ಷರ ಬರುತ್ತದೆ, ಬರೆದು ತಾ ಎಂದೆ. ಹತ್ತು ಅಕ್ಷರ ಬರೆಯುವಷ್ಟರಲ್ಲಿ ಅವಳೇ ನಕ್ಕಳು. ಕೆ ಒತ್ತಿದರೆ ಮಲಯಾಳದ 'ಕ' ಬರುತ್ತಿತ್ತು, ಕನ್ನಡದ 'ಕ' ಇರುವುದೂ ಅಲ್ಲೇ. ಕೀಲಿಗಳನ್ನು ಜೋಡಿಸುವ ಕ್ರಮವಾದ ಇನ್‌ಸ್ಕ್ರಿಪ್ಟಿನಲ್ಲಿ ಭಾರತದ ಭಾಷೆಗಳಿಗೆಲ್ಲ ಹೆಚ್ಚುಕಡಿಮೆ ಒಂದೇ ಜಾಗ. ಹಿಂದಿನ ಪೀರಿಯಡಿನವರು ಭಾಷೆ ಬದಲಿಸಿ ಹೋಗಿದ್ದರು. ಮೇಲಿನ ಪಟ್ಟಿಯಲ್ಲಿ ಅವಳೇ ಸರಿಮಾಡಿದಳು.

ಮಕ್ಕಳಿಗೆ ನಾನು ಯಾವಾಗಲೂ ಕೇಳುವುದು "ಏನಂತ ಬರೆದಿದೆ, ಓದಿದೆಯಾ?" ಎಂದು. ಎಚ್ಚರಿಕೆಯ ಮಾತು ಬಂದ ಕೂಡಲೇ ಓಕೆ ಒತ್ತಿ ಓಡಿಸುವ ಅಭ್ಯಾಸ ದೊಡ್ಡವರಿಗೂ ಇದೆ. ಫೋನಿನಲ್ಲಿ ಅದರ ಫೋಟೋ ಹಿಡಿಯಿರಿ. ಒಂದು ಬದಲಾವಣೆ ಮಾಡಿ ನೋಡಿ, ಆಮೇಲೆ ಇನ್ನೊಂದು. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದೇ ಇಲ್ಲ. ಇನ್ನೊಂದು ಮಾತು. ವಿಂಡೋಸ್ 8ರಿಂದ ಈಚೆಗೆ ಸಾಮಾನ್ಯವಾಗಿ ಶಟ್‌ಡೌನ್ ಕೊಟ್ಟರೆ ಒಳಗಿನದು ಪೂರ್ತಿ ಹೊಸದಾಗುವುದಿಲ್ಲ. ಬೇಗ ಏಳಲಿ ಎಂದು ಒಂದು ಭಾಗವನ್ನು ಡಿಸ್ಕಿನಲ್ಲಿ ಉಳಿಸಿಕೊಳ್ಳುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಮೊದಲಿಂದ ಏಳುತ್ತದೆ.

ಕೆಲವಕ್ಕೆ ನಾನೂ ಕೈ ಹಾಕುವುದಿಲ್ಲ. ಸುಟ್ಟ ವಾಸನೆ, ಉಬ್ಬಿದ ಲ್ಯಾಪ್‌ಟಾಪ್ ಬ್ಯಾಟರಿ, ಟಕ್ ಟಕ್ ಎನ್ನುವ ಹಾರ್ಡ್ ಡಿಸ್ಕು, ಇವು ಬಂದರೆ ಆಫ್ ಮಾಡಿ ಬಲ್ಲವರ ಹತ್ತಿರ ಹೋಗಬೇಕು. ಕರೆಂಟು ಕೊಡುವ ಎಸ್‌ಎಂಪಿಎಸ್ ಪೆಟ್ಟಿಗೆಯನ್ನಂತೂ ಬಿಚ್ಚಲೇಬಾರದು. ಪ್ಲಗ್ಗು ಕಿತ್ತ ಮೇಲೂ ಅದರೊಳಗೆ ವಿದ್ಯುತ್ತು ನಿಂತಿರುತ್ತದೆ.

ಹನ್ನೊಂದು ಗಂಟೆಯ ಹೊತ್ತಿಗೆ ಪ್ರಸಂಗಗಳನ್ನೆಲ್ಲ ಎರಡು ಪೆನ್‌ಡ್ರೈವಿಗೆ ಹಾಕಿದೆವು. ಒಂದು ಅವರ ಕಪಾಟಿನಲ್ಲಿ, ಒಂದು ನನ್ನಲ್ಲಿ. ಆಮೇಲೆ ಯೂನಿಕೋಡಿಗೆ, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಕ್ರಮಕ್ಕೆ, ಬದಲಿಸಲು ಕೂತೆವು. 1991ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಜಾಗ ಇತ್ತು. ಒಮ್ಮೆ ಬದಲಿಸಿದರೆ ಯಾವ ಅಂಗಡಿಯ ಯಾವ ಯಂತ್ರದಲ್ಲೂ ಪದ್ಯ ಪದ್ಯವಾಗಿಯೇ ಕಾಣುತ್ತದೆ. ಪರಿವರ್ತಕ ಒತ್ತಕ್ಷರಗಳಲ್ಲಿ ಅಲ್ಲಲ್ಲಿ ತಪ್ಪುತ್ತದೆ. ಹಾಗಾಗಿ ಭಾಗವತರು ರಾಗವಾಗಿ ಓದುತ್ತಾ ಹೋದರು, ತಾಳ ತಪ್ಪಿದಲ್ಲಿ ನಾನು ಅಕ್ಷರ ತಿದ್ದಿದೆ. ಎರಡು ಪ್ರಸಂಗ ಮುಗಿಯುವಾಗ ಕರೆಂಟು ಹೋಯಿತು.

ನಾಳೆ ಶಾಲೆಯಿಂದ ಬರುವಾಗ ಬದಿಯಡ್ಕದಲ್ಲಿ ಬ್ಯಾಟರಿ ತರಬೇಕು. ಒಂಬತ್ತು ಪ್ರಸಂಗ ಬಾಕಿ ಇದೆ.