ಅತ್ತಿಗೆಯ ಉಗುರಿನ ಬುಡ, ನನ್ನ ಯುಎಸ್‌ಬಿ ಮೈಕ್ರೋಸ್ಕೋಪ್: ನಾಲ್ಕು ತಿಂಗಳ ಲೆಕ್ಕ

ನವೆಂಬರ್, ಮೊದಲ ವಾರ

ಅತ್ತಿಗೆಗೆ ಸಿಸ್ಟಮಿಕ್ ಸ್ಕ್ಲೆರೋಸಿಸ್ ಅಂತ ಗೊತ್ತಾಗಿ ನಾಲ್ಕು ವರ್ಷ ಆಯಿತು. ಸ್ಕ್ಲೀರೋಡರ್ಮಾ ಅಂದರೆ ಕೆಲವರಿಗೆ ಗೊತ್ತಾಗಬಹುದು. ಚರ್ಮ ಬಿಗಿದು ಗಟ್ಟಿಯಾಗುವ ಕಾಯಿಲೆ. ಆದರೆ ಸಣ್ಣ ರಕ್ತನಾಳಗಳಿಗೆ ಏಟು ಬೀಳುವುದು ಬಹಳ ಮೊದಲೇ. ಸಕಲೇಶಪುರದ ಚಳಿಯಲ್ಲಿ ಬೆಳಿಗ್ಗೆ ನಲ್ಲಿ ನೀರು ಮುಟ್ಟಿದರೆ ಸಾಕು, ಅವರ ಬೆರಳು ಸುಣ್ಣ ಬಳಿದ ಹಾಗೆ ಬಿಳಿಯಾಗುತ್ತದೆ. ಆಮೇಲೆ ನೀಲಿ, ಬೆಚ್ಚಗಾದಾಗ ಕೆಂಪು. ಇದಕ್ಕೆ ರೇನಾಡ್ಸ್ ಅಂತಾರೆ. 1862ರಲ್ಲಿ ಇದರ ಬಗ್ಗೆ ಪ್ರಬಂಧ ಬರೆದ ಫ್ರೆಂಚ್ ವೈದ್ಯ ಮೊರಿಸ್ ರೇನೋ ಅವರಿಂದ ಬಂದ ಹೆಸರು.

ಹೋದ ವರ್ಷ ಅವರೆಕಾಯಿ ಕಾಲದಲ್ಲಿ ಹಿತಕವರೆ ಮಾಡಲು ಕೂತವರು ಅರ್ಧಕ್ಕೇ ಎದ್ದರು. ನೆನೆಸಿದ ಕಾಳನ್ನು ಎರಡು ಬೆರಳಲ್ಲಿ ಹಿತುಕಿದರೆ ಸಿಪ್ಪೆ ಜಾರಬೇಕು. ಅವರ ಬೆರಳ ತುದಿಗೆ ಆ ಹಿಡಿತ ಸಿಗಲೇ ಇಲ್ಲ.

ಮೊನ್ನೆ ಡಾಕ್ಟರ್ ಹತ್ತಿರ ಹೋದಾಗ ನಾನೂ ಜೊತೆಗಿದ್ದೆ. ಅವರು ಅತ್ತಿಗೆಯ ಉಗುರಿನ ಬುಡಕ್ಕೆ ಒಂದು ಹನಿ ಎಣ್ಣೆ ಹಾಕಿ ಸಣ್ಣ ಕ್ಯಾಮೆರಾ ಹಿಡಿದರು. ಪರದೆ ಮೇಲೆ ಸಣ್ಣ ರಕ್ತನಾಳಗಳು ಕೆಂಪು ಹೇರ್‌ಪಿನ್‌ಗಳ ಹಾಗೆ ಸಾಲಾಗಿ ನಿಂತಿದ್ದವು. ಕೆಲವು ಊದಿಕೊಂಡಿದ್ದವು. ನಡುನಡುವೆ ಬರೀ ಖಾಲಿ. ಹಾಸನಕ್ಕೆ ವಾಪಸ್ ಬರುವ ದಾರಿಯಲ್ಲೇ ತೀರ್ಮಾನ ಆಯಿತು, ಇದನ್ನು ನಾನೂ ಮಾಡಿ ನೋಡಬೇಕು. ದಿನವಿಡೀ ಸರ್ಕ್ಯೂಟ್ ಬೋರ್ಡ್ ಬೆಸುಗೆ ಹಾಕುವವನಿಗೆ ಮೈಕ್ರೋಸ್ಕೋಪ್ ಹೊಸದೇನಲ್ಲ.

ಉಗುರಿನ ಬುಡವೇ ಯಾಕೆ ಅಂತ ಅಣ್ಣ ಕೇಳಿದ. ಬೇರೆ ಕಡೆ ಚರ್ಮದಲ್ಲಿ ಲೋಮನಾಳಗಳು, ಅಂದರೆ ಅತಿ ಸಣ್ಣ ರಕ್ತನಾಳಗಳು, ನೆಟ್ಟಗೆ ನಿಂತಿರುತ್ತವೆ. ಮೇಲಿನಿಂದ ನೋಡಿದರೆ ಬರೀ ಚುಕ್ಕಿ. ಉಗುರಿನ ಬುಡದ ಕೊನೆ ಸಾಲಿನಲ್ಲಿ ಮಾತ್ರ ಅವು ಅಡ್ಡ ಮಲಗಿರುತ್ತವೆ, ಇಡೀ ಬಾಗು ಕಾಣುತ್ತದೆ. ನಾಳದ ಗೋಡೆ ನಮಗೆ ಕಾಣುವುದಿಲ್ಲ. ಒಳಗೆ ಸಾಲುಗಟ್ಟಿ ಹೋಗುವ ಕೆಂಪು ರಕ್ತಕಣಗಳೇ ಕಾಣುವುದು.

ನವೆಂಬರ್, ಮೂರನೇ ವಾರ

ಯುಎಸ್‌ಬಿ ಮೈಕ್ರೋಸ್ಕೋಪಿನ ಡಬ್ಬದ ಮೇಲೆ 1000x, ಅಂದರೆ ಸಾವಿರ ಪಟ್ಟು, ಅಂತ ಇದೆ. ಸುಳ್ಳು. ಪರದೆ ದೊಡ್ಡದಾದರೆ ಚಿತ್ರವೂ ದೊಡ್ಡದಾಗುತ್ತದೆ, ಅಷ್ಟೇ ಅದರ ಗುಟ್ಟು. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ 200 ಪಟ್ಟು ಹಿಗ್ಗಿಸಿ ನೋಡುತ್ತಾರೆ.

ಎಣ್ಣೆಯದು ಒಂದು ಕಥೆ. ಒಣ ಚರ್ಮದ ಮೇಲೆ ಬೆಳಕು ಚೆದುರಿ ಒಳಗಿನದು ಕಾಣುವುದಿಲ್ಲ, ಎಣ್ಣೆ ಬೇಕೇ ಬೇಕು. ಮನೆಯಲ್ಲಿದ್ದ ತೆಂಗಿನೆಣ್ಣೆ ಹಾಕಿದೆ. ಚೆನ್ನಾಗಿಯೇ ಶುರುವಾಯಿತು, ಆಮೇಲೆ ಮಂಜು ಕವಿದ ಹಾಗೆ ಆಯಿತು. ಪರೀಕ್ಷೆಗೆ ಮುಂಚೆ 20–22 ಡಿಗ್ರಿ ಇರುವ ಕೋಣೆಯಲ್ಲಿ 15–20 ನಿಮಿಷ ಸುಮ್ನೆ ಕೂರಬೇಕು ಅನ್ನುವುದು ನಿಯಮ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ! ಹರಳೆಣ್ಣೆಗೆ ಬದಲಾಯಿಸಿದೆ. ಮಂದವಾಗಿದೆ, ಬೆರಳಿಂದ ಹರಿದು ಹೋಗುವುದೂ ಇಲ್ಲ.

ಇನ್ನೊಂದು ತೊಂದರೆ ಮೈಕ್ರೋಸ್ಕೋಪಿನ ಬಿಳಿ ಎಲ್‌ಇಡಿ. ಎಂಟು ದೀಪಗಳು ಎಣ್ಣೆ ಮೇಲೆ ಎಂಟು ನಕ್ಷತ್ರಗಳಾಗಿ ಹೊಳೆಯುತ್ತಿದ್ದವು. ಅವನ್ನು ಆಫ್ ಮಾಡಿ ಪಕ್ಕದಿಂದ ಓರೆಯಾಗಿ ಒಂದು ಹಸಿರು ಎಲ್‌ಇಡಿ ಕೊಟ್ಟೆ. ಹಿಮೋಗ್ಲೋಬಿನ್ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಹಾಗಾಗಿ ನಾಳ ಕಪ್ಪಗೆ ಎದ್ದು ಕಾಣುತ್ತದೆ. ಈ ಒಂದು ಬದಲಾವಣೆಯಿಂದ ಸಿಕ್ಕ ಲಾಭ ಲೆನ್ಸ್ ಬದಲಿಸಿದ್ದರೂ ಸಿಗುತ್ತಿರಲಿಲ್ಲ.

ಡಿಸೆಂಬರ್, ಮೊದಲ ವಾರ

ಸ್ಟೇಜ್ ಮೈಕ್ರೋಮೀಟರ್ ಬಂತು. ಗಾಜಿನ ಪಟ್ಟಿ ಮೇಲೆ 1 ಮಿಲಿಮೀಟರನ್ನು 100 ಭಾಗ ಮಾಡಿರುತ್ತಾರೆ, ಒಂದೊಂದು ಗೆರೆಗೆ 10 ಮೈಕ್ರಾನ್ ಅಂತರ. ಅದರ ಫೋಟೋ ತೆಗೆದು ಇಮೇಜ್‌ಜೆ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಅಳತೆ ಕೂರಿಸಿದೆ. ನನ್ನ ಸೆಟಪ್ಪಿನಲ್ಲಿ ಒಂದು ಪಿಕ್ಸೆಲ್ ಅಂದರೆ 1.25 ಮೈಕ್ರಾನ್. ಫೋಕಸ್ ಗುಂಡಿ ಮುಟ್ಟಿದರೆ ಈ ಲೆಕ್ಕ ಕೆಡುತ್ತದೆ. ಅದಕ್ಕೇ ಗುಂಡಿಗೆ ಟೇಪ್ ಸುತ್ತಿಟ್ಟು, ಸ್ಟ್ಯಾಂಡನ್ನೇ ಮೇಲೆ ಕೆಳಗೆ ಮಾಡುತ್ತಿದ್ದೇನೆ.

ಬೆರಳಿಡಲು ಹಳೆಯ ಹವಾಯಿ ಚಪ್ಪಲಿ ಕೊಯ್ದು ಗಾದಿ ಮಾಡಿದೆ. ಆದರೂ ನಾಡಿ ಬಡಿತಕ್ಕೆ ಚಿತ್ರ ಕುಣಿಯುತ್ತದೆ. ವಿಡಿಯೋ ಮಾಡಿಕೊಂಡು ಚೆನ್ನಾಗಿರುವ ಫ್ರೇಮ್ ಆರಿಸುವುದೇ ವಾಸಿ.

ನನ್ನ ಬೆರಳಲ್ಲಿ ಮಿಲಿಮೀಟರಿಗೆ 8, 9 ನಾಳಗಳು. ಸಾಮಾನ್ಯರಿಗೆ 7 ಅಥವಾ ಜಾಸ್ತಿ ಇರಬೇಕು, ಬಾಗಿನ ಅಗಲ 20 ಮೈಕ್ರಾನ್ ಒಳಗಿರಬೇಕು. 50 ದಾಟಿದರೆ ದೈತ್ಯ ನಾಳ. ಅಪ್ಪನ ಕೈಯನ್ನೂ ನೋಡಿದೆ. ಐವತ್ತು ವರ್ಷ ತೋಟದಲ್ಲಿ ದುಡಿದ ಕೈ, ಚರ್ಮ ದಪ್ಪ, ಬಣ್ಣ ಗಾಢ, ಏನೂ ಕಾಣಲಿಲ್ಲ. "ನನ್ನಲ್ಲಿ ರಕ್ತಾನೇ ಇಲ್ವೇನೋ?" ಅಂತ ನಕ್ಕರು. ಕಿರುಬೆರಳಲ್ಲಿ ಮಾತ್ರ ಮಸುಕಾಗಿ ನಾಲ್ಕೈದು ಸಿಕ್ಕವು. ಕಿರುಬೆರಳು, ಉಂಗುರದ ಬೆರಳು ಇವೆರಡರಲ್ಲಿ ಸಾಮಾನ್ಯವಾಗಿ ಚೆನ್ನಾಗಿ ಕಾಣುತ್ತದೆ. ಹೆಬ್ಬೆರಳನ್ನು ಡಾಕ್ಟರುಗಳೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಡಿಸೆಂಬರ್ 22, 23

ಅತ್ತಿಗೆಯ ಮೊದಲ ಸರದಿ. ಮಧ್ಯಾಹ್ನ, ಊಟ ಆಗಿ ಒಂದು ಗಂಟೆ ಬಿಟ್ಟು. ಬಲಗೈ ಉಂಗುರದ ಬೆರಳಿನ ಒಂದು ಜಾಗದಲ್ಲಿ ಮಿಲಿಮೀಟರಿಗೆ 2 ನಾಳ. ಪಕ್ಕದಲ್ಲಿ ದೊಡ್ಡ ಖಾಲಿ ಬಯಲು. ಎದೆ ಧಸಕ್ ಅಂತು. ಡಾಕ್ಟರ್ ಚಿತ್ರದಲ್ಲಿ ಹೀಗಿರಲಿಲ್ಲ. "ಏನಪ್ಪಾ, ಮುಖ ಯಾಕೆ ಹಾಗೆ ಮಾಡ್ಕೊಂಡೆ?" ಅಂತ ಅತ್ತಿಗೆ ಕೇಳಿದರು. "ಬೆಳಕು ಸರಿಯಿಲ್ಲ ಅತ್ತಿಗೆ, ನಾಳೆ ನೋಡೋಣ" ಅಂದೆ.

ರಾತ್ರಿ ನನ್ನ ಬೆರಳಿಗೇ ಲೆನ್ಸ್ ಒತ್ತಿ ನೋಡಿದೆ. 8 ಇದ್ದದ್ದು 3 ಆಯಿತು. ಎತ್ತಿದೆ, ಒಂದೊಂದೇ ತುಂಬಿಕೊಂಡು ವಾಪಸ್ ಬಂದವು. ಲೆನ್ಸಿನ ಪ್ಲಾಸ್ಟಿಕ್ ಅಂಚು ಚರ್ಮಕ್ಕೆ ತಾಗಿ ರಕ್ತವನ್ನು ಹಿಂಡಿ ಕಳಿಸುತ್ತಿತ್ತು. ಕಾಣುವುದೇ ರಕ್ತಕಣ ಅಂದಮೇಲೆ, ರಕ್ತ ಹೋದರೆ ನಾಳವೂ ಮಾಯ. ಮಾರನೇ ದಿನ ತಾಗಿಸದೆ ತೆಗೆದೆ. ಅದೇ ಜಾಗದಲ್ಲಿ 5. ಹಿಂದಿನ ದಿನ ಬಾಯಿ ಮುಚ್ಚಿಕೊಂಡಿದ್ದು ಒಳ್ಳೆಯದಾಯಿತು.

ಜನವರಿ, ಎರಡನೇ ವಾರ

ಎಣಿಸುವುದು ಸುಲಭ ಅಂದುಕೊಂಡಿದ್ದೆ. ಅಣ್ಣನ ಮಗಳು ಪಿಯುಸಿ ಓದುತ್ತಿದ್ದಾಳೆ. ಇಪ್ಪತ್ತು ಫೋಟೋಗಳ ಹೆಸರು, ತಾರೀಖು ಅಳಿಸಿ ಕಲಸಿ ಇಬ್ಬರೂ ಬೇರೆ ಬೇರೆ ಕೂತು ಎಣಿಸಿದೆವು. ಒಂದರಲ್ಲಿ ನನಗೆ 6, ಅವಳಿಗೆ 4. ಕೊಂಬೆಯೊಡೆದ ಒಂದು ನಾಳವನ್ನು ನಾನು ಎರಡು ಅಂತ ಹಿಡಿದಿದ್ದೆ. "ಚಿಕ್ಕಪ್ಪ, ಮರಕ್ಕೆ ಎರಡು ಕೊಂಬೆ ಇದ್ರೆ ಎರಡು ಮರ ಅಂತೀರಾ?" ಅಂದಳು. ಅವಳದೇ ಸರಿ. ಇನ್ನು ಮೇಲೆ ಕೊನೆ ಸಾಲಿನವು ಮಾತ್ರ, ಬುಡ ಒಂದಾದರೆ ಒಂದೇ ಎಣಿಕೆ.

ಇಟಲಿಯ ಜಿನೋವಾದ ಮೌರಿಜಿಯೊ ಕುಟೋಲೊ ಮತ್ತು ಸಂಗಡಿಗರು 2000ರಲ್ಲಿ ಇದನ್ನು ಮೂರು ಹಂತ ಮಾಡಿದರು. ಮೊದಲು ಅಲ್ಲೊಂದು ಇಲ್ಲೊಂದು ದೈತ್ಯ ನಾಳ, ಸಣ್ಣ ರಕ್ತದ ಕಲೆ, ಸಾಲು ಇನ್ನೂ ಚೆನ್ನಾಗಿಯೇ ಇರುತ್ತದೆ. ಎರಡನೆಯದರಲ್ಲಿ ದೈತ್ಯರೂ ಕಲೆಗಳೂ ಜಾಸ್ತಿ, ಕೆಲವು ನಾಳ ಕಾಣೆ. ಮೂರನೆಯದರಲ್ಲಿ ದೈತ್ಯರೂ ಕಡಿಮೆ, ಖಾಲಿ ಬಯಲು, ನಡುವೆ ಪೊದೆಯ ಹಾಗೆ ಕವಲೊಡೆದ ಹೊಸ ನಾಳಗಳು. ದೈತ್ಯರು ಕಡಿಮೆಯಾದರೆ ವಾಸಿಯಾಯಿತು ಅಂತ ನಾನು ಮೊದಲು ತಿಳಿದಿದ್ದೆ. ಉಲ್ಟಾ! ರೋಗ ಗುರುತಿಸುವ 2013ರ ಅಂತಾರಾಷ್ಟ್ರೀಯ ಅಂಕಪಟ್ಟಿಯಲ್ಲಿ ಬೇಕಾದ 9 ಅಂಕಗಳಲ್ಲಿ ಈ ನಾಳಗಳಿಗೆ 2, ರೇನಾಡ್ಸ್‌ಗೆ 3.

ಅತ್ತಿಗೆಯ ಹಂತ ಯಾವುದು ಅಂತ ಹೇಳುವುದು ಡಾಕ್ಟರ ಕೆಲಸ. ಅವರಿಗೆ ಫೋಟೋ ತೋರಿಸಿದೆ. "ತನ್ನಿ, ನೋಡ್ತೀನಿ. ಆದ್ರೆ ಇದನ್ನ ನೋಡಿ ಮಾತ್ರೆ ಮಾತ್ರ ಬದಲಾಯಿಸ್ಬೇಡಿ" ಅಂದರು.

ಜನವರಿ ಕೊನೆ

ಕೆಲಸ ನಿಂತಿದೆ. ಸೋದರತ್ತೆ ಮಗಳ ಮದುವೆ. ಅತ್ತಿಗೆ ಹತ್ತೂ ಬೆರಳ ತುದಿಗೆ ಗೋರಂಟಿ ಹಚ್ಚಿಸಿಕೊಂಡು ಬಂದರು. ಪರದೆ ಮೇಲೆ ಬರೀ ಕಂದು. ಬೈಯುವ ಹಾಗೂ ಇಲ್ಲ, ನಾಲ್ಕು ವರ್ಷದಲ್ಲಿ ಅವರು ಕೈ ಮುಂದೆ ಮಾಡಿ ಎಲ್ಲರಿಗೂ ತೋರಿಸಿದ್ದು ಇದೇ ಮೊದಲು.

ಫೆಬ್ರವರಿ, ಕೊನೆ ವಾರ

ಬಣ್ಣ ಹೋಗಿದೆ. ಈಗ ನಿಜವಾದ ಕಷ್ಟ ಶುರು, ಡಿಸೆಂಬರಿನ ಅದೇ ಜಾಗ ಹುಡುಕುವುದು. ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಎಣಿಕೆಯೇ ಬೇರೆ. ರಕ್ತದ ಕಲೆಯನ್ನು ಗುರುತಾಗಿ ಇಟ್ಟುಕೊಂಡಿದ್ದೆ, ದಡ್ಡತನ. ಉಗುರು ಬೆಳೆದ ಹಾಗೆ ಕಲೆಯೂ ಮುಂದೆ ಸರಿದು ಹೋಗಿದೆ. ನಾಳಗಳ ಸಾಲು ಮಾತ್ರ ಅಲ್ಲೇ ಇದೆ. ಎಡದಿಂದ ಬಲಕ್ಕೆ ಹತ್ತು ಫೋಟೋ ಅಂಟಿಸಿ ಪೂರ್ತಿ ನಕ್ಷೆ ಮಾಡಿದೆ. ಕೊಕ್ಕೆಯ ಹಾಗೆ ತಿರುಚಿದ ಒಂದು ನಾಳ ಸಿಕ್ಕಿತು. ಅದರಿಂದ ಬಲಕ್ಕೆ ಮೂರನೆಯದು ನಮ್ಮ ದೈತ್ಯ.

ಡಿಸೆಂಬರಿನಲ್ಲಿ ಅದರ ಅಗಲ 58 ಮೈಕ್ರಾನ್. ಈಗ 61. ಹೆಚ್ಚಾಯಿತು ಅನ್ನೋಣವೇ? ಒಂದೇ ಫೋಟೋವನ್ನು ಐದು ಸಲ ಅಳೆದೆ. 57ರಿಂದ 62ರವರೆಗೆ ಬಂತು. ಅಂದರೆ ಮೂರು ಮೈಕ್ರಾನ್ ನನ್ನ ಕೈಯ ನಡುಕ. ಎಣಿಕೆ ಆಗಲೂ 5, ಈಗಲೂ 5. ಪುಸ್ತಕದಲ್ಲಿ 'ಬದಲಾವಣೆ ಇಲ್ಲ' ಅಂತ ಬರೆದು ಅತ್ತಿಗೆಗೆ ತೋರಿಸಿದೆ.

"ಇಷ್ಟಕ್ಕೆ ನನ್ನ ಚಪ್ಪಲಿ ಕೊಯ್ದ್ಯಾ?" ಅಂದರು. ಅದು ಅವರದು ಅಂತ ನನಗೆ ಗೊತ್ತಿರಲಿಲ್ಲ. ಮುಂದಿನ ಫೋಟೋ ಮೇ ತಿಂಗಳಲ್ಲಿ.